ಶಾಲೆಯಿಂದ ಫೋನ್ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ

"ಆ ಹುಡುಗನ ತಾಯಿಗೆ ಕಾಳಜಿನೇ ಇಲ್ಲ." ಕಲಬುರಗಿ ಕಡೆಯ ಶಿಕ್ಷಕರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಜೇವರ್ಗಿ ಕಡೆಯ ಹಳ್ಳಿ. ಎರಡನೇ ತರಗತಿಯ ಹುಡುಗ, ಮಾತು ಕಡಿಮೆ. ಬಿಸಿಯೂಟದ ಹೊತ್ತಿಗೆ ಕಿವಿ ಮುಚ್ಚಿಕೊಂಡು ಗೇಟಿನತ್ತ ಓಡುತ್ತಿದ್ದ. ತಂದೆ ಮುಂಬೈನಲ್ಲಿ ದುಡಿಯುತ್ತಾರೆ. ತಾಯಿ ಫೋನ್ ಎತ್ತುತ್ತಿರಲಿಲ್ಲ. ವಿಶೇಷ ಶಾಲೆಗೆ ಹಾಕಿ ಅಂತ ಹೇಳಿಬಿಡಲಾ ಎಂದು ಕೇಳಲು ಶಿಕ್ಷಕಿ ನನ್ನ ಬಳಿ ಬಂದಿದ್ದರು. ತಾಯಿಯನ್ನೂ ಕರೆಸಿ ಎಂದೆ.

ತಾಯಿ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಫೋನ್ ಯಾಕೆ ಎತ್ತಲ್ಲ ಎಂದು ಶಿಕ್ಷಕಿ ಕೇಳಿದಾಗ ಹೇಳಿದರು:

"ತೊಗರಿ ಕೊಯ್ಯಲಾಕ ಹೋಗಿರ್ತೀನ್ರಿ ಟೀಚರ್. ನಿಮ್ ಫೋನ್ ಬಂತಂದ್ರ ಅರ್ಧಕ್ಕ ಬಿಟ್ಟು ಓಡಿ ಬರ್ಬೇಕು. ಆ ದಿನದ ಕೂಲಿ ಹೋಗ್ತದ. ಬಂದ್ರ ಎಲ್ಲಾರ ಮುಂದ ಅವನ ತಪ್ಪು ಹೇಳ್ತೀರಿ. ಅವನಿಗಿ ತಾಟಿನ ಸಪ್ಪಳ ಆಗಂಗಿಲ್ರಿ. ಮನಿಯಾಗ ಪ್ಲಾಸ್ಟಿಕ್ ತಾಟಿನ್ಯಾಗ ಉಣಸ್ತೀನಿ."

ಶಿಕ್ಷಕಿಯ ಕಣ್ಣು ತುಂಬಿತು. ಅವರು ಮಗುವಿನ ಮೇಲೆ ಜೀವ ಇಟ್ಟುಕೊಂಡವರೇ. ಆದರೆ ಆರು ತಿಂಗಳಲ್ಲಿ ಮನೆಯಲ್ಲಿ ಅವನು ಹೇಗೆ ಉಣ್ಣುತ್ತಾನೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ನಾನು ಹೇಳಿದ್ದಿಷ್ಟು. ಪೆಟ್ಟಾದರೆ, ಜ್ವರ ಬಂದರೆ ಮಾತ್ರ ಹಗಲು ಫೋನ್ ಮಾಡಿ. ವಾರಕ್ಕೊಮ್ಮೆ ಸಂಜೆ ವಾಟ್ಸಾಪ್‌ನಲ್ಲಿ ದನಿ ಸಂದೇಶ ಕಳಿಸಿ. ತಾಯಿಗೆ ಓದಲು ಬರುವುದಿಲ್ಲ. ಅದರಲ್ಲಿ ಮಗು ಚೆನ್ನಾಗಿ ಮಾಡಿದ ಒಂದು ಕೆಲಸ ಇರಲಿ, ತಾಯಿಗೆ ಒಂದು ಪ್ರಶ್ನೆ ಇರಲಿ. ಊಟ ಉಳಿದ ಮಕ್ಕಳಿಗಿಂತ ಹತ್ತು ನಿಮಿಷ ಮೊದಲು ಕೊಡಿ. ಇವನಿಗೆ ಇಂಥದ್ದೇ ಕಾಯಿಲೆ ಎಂದು ನೀವು ಹೆಸರಿಡಬೇಡಿ. ಬಿಆರ್‌ಸಿಯಿಂದ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಅವರನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು ಕರೆಸಿ, ಆಸ್ಪತ್ರೆಯಲ್ಲಿ ತಪಾಸಣೆ ಆಗಲಿ. ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿಯನ್ನು ತಾಯಿಯ ಪಕ್ಕದಲ್ಲಿ ಕೂತು ತುಂಬಿ.

ವಿಶೇಷ ಶಾಲೆಯ ವಿಷಯದಲ್ಲಿ ನಾನು ಗಟ್ಟಿಯಾಗಿ ಬೇಡ ಎಂದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಆಯ್ಕೆ ಮಗುವಿನ ಕಡೆಯದು. ನಮಗೆ ಸುಸ್ತಾಯಿತು ಅಂತ ನಾವು ಆರಿಸುವುದಲ್ಲ.

ಶಿಕ್ಷಕರ ಮೇಲೆ ಜಾಸ್ತಿ ಹೊರೆ ಹಾಕುತ್ತೀರಿ ಎಂದು ಕೆಲವರು ನನ್ನ ಮೇಲೆ ಬೇಸರಪಟ್ಟರು. ತುಂಬಿದ ತರಗತಿಯ ಕಷ್ಟ ನನಗೆ ಗೊತ್ತು. ಆದರೆ ಫೋನ್ ಮೊದಲೂ ಮಾಡುತ್ತಿದ್ದರು ಅಲ್ವಾ? ಈಗ ಬೇಕಾಗಿರುವುದೂ ಅದೇ ಎರಡು ನಿಮಿಷ.

ಮೂರನೇ ವಾರ ತಾಯಿಯೇ ದನಿ ಕಳಿಸಿದ್ದರು: "ಕುಕ್ಕರ್ ಸೀಟಿ ಹೊಡಿಯೂ ಮೊದಲ ಹೇಳಿದ್ರ ಅವ ಅಂಜಂಗಿಲ್ರಿ. ಗಂಟಿ ಬಾರಸೂಮುಂದ ಹಂಗೇ ಹೇಳಿ ನೋಡ್ರಿ."

ಈಗ ಗಂಟೆ ಹೊಡೆಯುವ ಮುಂಚೆ ಶಿಕ್ಷಕಿ ಅವನ ಹತ್ತಿರ ಹೋಗಿ ಹೇಳುತ್ತಾರೆ. ಕಾರ್ಡ್ ಇನ್ನೂ ಬಂದಿಲ್ಲ.