ಅವ್ವನಿಗೆ ಇಂಟರ್‌ಪ್ರಿಟರ್ ಕೇಳು, ಸಂಕೋಚ ಬೇಡ

ತಮ್ಮಾ, ಧಾರವಾಡದಿಂದ ಅವ್ವ ಅಮೆರಿಕಕ್ಕೆ ಬರುತ್ತಿದ್ದಾರೆ, ಶುಗರ್, ಬಿಪಿ ಎರಡೂ ಇವೆ, ಇಂಗ್ಲಿಷ್ ಬರಲ್ಲ, ಡಾಕ್ಟರ್ ಹತ್ತಿರ ಪ್ರತಿ ಸಲ ನಾನೇ ಕೂತು ಮಾತಾಡಬೇಕಾ ಅಂತ ಕೇಳಿದ್ದೀಯ. ಜೊತೆಗೆ ಹೋಗು. ಆದರೆ ಅವ್ವನ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುವ ಕೆಲಸ ನಿನ್ನದಲ್ಲ. ಆಸ್ಪತ್ರೆಯವರೇ ಇಂಟರ್‌ಪ್ರಿಟರ್ ಕೊಡಬೇಕು, ಅದೂ ಪುಕ್ಕಟೆ.

ಮೆಡಿಕೇರ್, ಮೆಡಿಕೇಡ್ ಅನ್ನುವ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಗಳ ಹಣ ಪಡೆಯುವ ಆಸ್ಪತ್ರೆಗಳಿಗೆ ಇದು ಕಾನೂನು. 1964ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದದ್ದು, 2010ರ ಆರೋಗ್ಯ ಕಾಯ್ದೆಯಲ್ಲಿ ಇನ್ನೂ ಗಟ್ಟಿಯಾಯಿತು. ನಿಮ್ಮ ಕಡೆಯವರನ್ನೇ ಕರೆತನ್ನಿ ಅಂತ ಅವರು ಹೇಳುವ ಹಾಗಿಲ್ಲ. ವಿಸಿಟರ್ ವೀಸಾದವರಿಗೂ ಸಿಗುತ್ತದೆ. ಡಾಕ್ಟರ ಬಿಲ್ ಮಾತ್ರ ಬೇರೆ, ಅದಕ್ಕೆ ಇನ್ಶೂರೆನ್ಸ್ ಮಾಡಿಸಿಕೋ.

ನಮ್ಮ ಅತ್ತೆಯವರ ಕತೆ ಕೇಳು. ಹುಬ್ಬಳ್ಳಿಯವರು, ಮಾತಿಗೆ ಕಡಿಮೆ ಇಲ್ಲ. ಆದರೆ ಮಗ ಪಕ್ಕದಲ್ಲಿದ್ದರೆ ಡಾಕ್ಟರ್ ಏನೇ ಕೇಳಲಿ, "ಎಲ್ಲಾ ಆರಾಮ ಐತಿ" ಅಷ್ಟೇ. ಒಮ್ಮೆ ಇಂಟರ್‌ಪ್ರಿಟರ್ ಅಂತ ಫೋನಿನಲ್ಲಿ ಕನ್ನಡದ ಹೆಣ್ಣುದನಿ ಬಂತು. ಮಗನನ್ನು ಹೊರಗೆ ಕಳಿಸಿದರು. ಉಚ್ಚೆಯ ಉರಿ, ರಾತ್ರಿ ಐದಾರು ಸಲ ಏಳುವುದು, ಎಲ್ಲ ಹೇಳಿದರು. ಮಗನ ಎದುರು ಅದನ್ನೆಲ್ಲ ಯಾವ ತಾಯಿ ಹೇಳುತ್ತಾಳೆ, ಅಲ್ವಾ? ಹೆಂಗಸರೇ ಬೇಕು ಅಂತ ನೀನೂ ಕೇಳಬಹುದು.

ಅಪಾಯಿಂಟ್‌ಮೆಂಟ್ ಮಾಡುವಾಗಲೇ "ಕನ್ನಡ" ಅಂತ ಬರೆಸು. ಸ್ಪ್ಯಾನಿಷ್‌ನವರಷ್ಟು ಸುಲಭಕ್ಕೆ ನಮ್ಮವರು ಸಿಗಲ್ಲ. ಹಿಂದಿ ನಡೆಯುತ್ತಾ ಅಂತ ಕೇಳುತ್ತಾರೆ. ಅವ್ವನದು ಬರೀ ಟಿವಿ ಹಿಂದಿಯಾದರೆ ನಡೆಯಲ್ಲ ಅನ್ನು. ಪ್ರತಿ ಮಾತೂ ಎರಡು ಸಲ ಆಗುವುದರಿಂದ ಟೈಮ್ ಜಾಸ್ತಿ ಹಿಡಿಯುತ್ತದೆ, ಅದನ್ನೂ ಹೇಳಿಬಿಡು.

ಸಾಮಾನ್ಯವಾಗಿ ಇಂಟರ್‌ಪ್ರಿಟರ್ ಖುದ್ದಾಗಿ ಬರಲ್ಲ, ಫೋನ್ ಸ್ಪೀಕರ್ ಇಲ್ಲವೇ ವಿಡಿಯೊದಲ್ಲಿ ಮಾತಾಡುತ್ತಾರೆ. ಅವ್ವ ಡಾಕ್ಟರನ್ನೇ ನೋಡಿ, ತುಸು ತುಸುವೇ ಹೇಳಬೇಕು. ಬೆಂಗಳೂರು ಕಡೆಯವರು ಸಿಕ್ಕರೆ ನಮ್ಮ ಮಾತು ಪೂರಾ ಹಿಡಿಯಲ್ಲ, "ಸಂಕಟ ಆಗತೈತಿ" ಅಂದರೆ ಎಲ್ಲಿ, ಹೇಗೆ ಅಂತ ತಿರುಗಿ ಕೇಳುತ್ತಾರೆ. ಕೇಳಲಿ ಬಿಡು, ನಡುವೆ ನೀನು ಬಾಯಿ ಹಾಕಬೇಡ. ಔಷಧದ ಬಗ್ಗೆ ಅವರ ಸಲಹೆಯನ್ನೂ ಕೇಳಬೇಡ, ಅವರ ಕೆಲಸ ಮಾತು ದಾಟಿಸುವುದಷ್ಟೇ.

ಇನ್ನೊಂದು. ಊರಿಂದ ಬರುವಾಗ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ ಅಂತ ಅವ್ವನಿಗೆ ಹೇಳು. ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಸಮೇತ ಬರಲಿ. ನಮ್ಮ ಬ್ರ್ಯಾಂಡ್ ಹೆಸರು ಇಲ್ಲಿನವರಿಗೆ ಗೊತ್ತಾಗಲ್ಲ. ಪ್ಯಾರಾಸಿಟಮಾಲ್‌ಗೇ ಇಲ್ಲಿ ಅಸಿಟಮಿನೋಫೆನ್ ಅನ್ನುತ್ತಾರೆ. ಸ್ಟ್ರಿಪ್ ಹಿಂದೆ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅಂತ ಇರುತ್ತಲ್ಲ, ಡಾಕ್ಟರಿಗೆ ಬೇಕಾದದ್ದು ಅದು.