ಟ್ರಿಗರ್ ಬದಲಿಸುವ ಮುಂಚೆ ಮರ ನೋಡಿ

ಓದುಗರ ಪ್ರಶ್ನೆ, ಕೋವಿ ಮೇಷ್ಟ್ರ ಉತ್ತರ

(ಸೇನೆಯಲ್ಲಿ ಆರ್ಮರರ್ (ಆಯುಧ ರಿಪೇರಿ ಮಾಡುವವರು) ಆಗಿ ನಿವೃತ್ತರಾಗಿ, ಈಗ ಹಾಸನದಲ್ಲಿ ಮಕ್ಕಳಿಗೆ ರೈಫಲ್ ಶೂಟಿಂಗ್ ಹೇಳಿಕೊಡುತ್ತಿರುವ ಮೇಷ್ಟ್ರು ಈ ಸಲ ಟ್ರಿಗರ್ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಅಪ್ಪನ ಕಾಲದ .315 ಬೋಲ್ಟ್ ರೈಫಲ್ ಈಗ ನನ್ನ ಲೈಸೆನ್ಸ್‌ಗೆ ಬಂದಿದೆ. ಟ್ರಿಗರ್ ಬಹಳ ಬಿಗಿ. ಅದೂ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ. ಅಮೆರಿಕದಲ್ಲಿರುವ ಮಗ ಮುಂದಿನ ಸಲ ಬರುವಾಗ ಟಿಮ್ನಿ ಅನ್ನುವ ಕಂಪನಿಯ ಒಂದು ಬದಲಿ ಟ್ರಿಗರ್ ತರುತ್ತೇನೆ ಅನ್ನುತ್ತಿದ್ದಾನೆ. ಅವನ ಗೆಳೆಯನ ರೆಮಿಂಗ್ಟನ್ 700 ರೈಫಲಿಗೆ ಹಾಕಿಸಿ ಬೆಣ್ಣೆಯಂತಾಗಿದೆಯಂತೆ. ತರಿಸಲಾ?

ಉತ್ತರ: ಬೇಡ ಸರ್. ಮಗನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ನಮ್ಮ ಆಯುಧ ಕಾಯ್ದೆಯಲ್ಲಿ ಆಯುಧ ಅಂದರೆ ಅದರ ಬಿಡಿ ಭಾಗವೂ ಸೇರಿತು. ಹೊರದೇಶದಿಂದ ತರಲು ಆಮದು ಲೈಸೆನ್ಸ್ ಬೇಕು. ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಟ್ಟುಕೊಂಡು ಬಂದರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವನು ಅವನು. ಕೇಸು ಅವನ ಮೇಲೆ, ಓಡಾಟ ನಿಮಗೆ.

ತಂದರೂ ಅದು ನಿಮ್ಮ ಕೋವಿಗೆ ಕೂರುವುದಿಲ್ಲ. ರೆಮಿಂಗ್ಟನ್ 700ರಲ್ಲಿ ಟ್ರಿಗರ್ ಅನ್ನುವುದು ಒಂದು ಪುಟ್ಟ ಡಬ್ಬಿ. ಎರಡು ಪಿನ್ ತೆಗೆದರೆ ಇಡೀ ಡಬ್ಬಿ ಕೈಗೆ ಬರುತ್ತದೆ, ಹೊಸದನ್ನು ಅದೇ ಪಿನ್ನಿಗೆ ನೇತುಹಾಕಬಹುದು. ಅದಕ್ಕೇ ಅಲ್ಲಿ ಬದಲಿ ಟ್ರಿಗರ್ ವ್ಯಾಪಾರ ಅಷ್ಟು ಬೆಳೆದಿದೆ. ನಿಮ್ಮ .315 ಬೇರೆ ವಂಶದ್ದು. ಅದರ ಮೂಲ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್. ಬ್ರಿಟಿಷರ ಕಾಲದಲ್ಲಿ ಸೇನೆಯ .303 ತೋಟಾ ಸಾಮಾನ್ಯ ಜನರ ಕೈಗೆ ಸಿಗಬಾರದು ಅಂತ ಕಟ್ಟುನಿಟ್ಟಿತ್ತು. ಹಾಗಾಗಿ ಅದೇ ರೈಫಲನ್ನು 8 ಮಿಲಿಮೀಟರ್ ಮ್ಯಾನ್‌ಲಿಕರ್ ತೋಟಾಕ್ಕೆ ಹೊಂದಿಸಿ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯಿಂದ ಅದೇ ಬರುತ್ತಾ ಹೋಯಿತು. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಇರುವುದು ಇದೇ.

ಈಗ ನಿಮ್ಮ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಅಂದಿರಲ್ಲ, ಕಾಯಿಲೆ ಏನು ಅಂತ ಅಲ್ಲೇ ಗೊತ್ತಾಗುತ್ತದೆ. ತೋಟಾ ತೆಗೆದು, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ದಂಡ) ಹೊರಗಿಟ್ಟು, ಕೋವಿಯನ್ನು ಮಗುಚಿ ನೋಡಿ. ಟ್ರಿಗರ್ ತಿರುಗುವ ಪಿನ್ ಎಲ್ಲಿದೆ? ಬೆರಳಿಗೆ ಅಡ್ಡವಾಗಿ ಬಾಗಿರುವ ಕಬ್ಬಿಣದ ಗಾರ್ಡ್ ಇದೆಯಲ್ಲ, ಅದರಲ್ಲೇ ಇದೆ. ಟ್ರಿಗರ್ ತಳ್ಳುವ ಸಿಯರ್ (ಸಜ್ಜಾದ ಹೊಡೆಯುವ ಪಿನ್ನನ್ನು ತಡೆದು ನಿಲ್ಲಿಸುವ ಕೊಕ್ಕೆ) ಮಾತ್ರ ಮೇಲೆ, ರೈಫಲಿನ ಉಕ್ಕಿನ ದೇಹಕ್ಕೆ ಸ್ಕ್ರೂ ಹಾಕಿ ಕೂತಿದೆ. ಅಂದರೆ ಟ್ರಿಗರ್ ಒಂದು ಕಡೆ, ಸಿಯರ್ ಇನ್ನೊಂದು ಕಡೆ, ನಡುವೆ ಕೋವಿಯ ಮರದ ಭಾಗ.

ಮರ ನೀರು ಕುಡಿದು ಉಬ್ಬಿತು ಅಂದುಕೊಳ್ಳಿ. ಗಾರ್ಡ್ ಕೆಳಗೆ ಸರಿಯುತ್ತದೆ. ಟ್ರಿಗರ್ ಸಿಯರಿನಿಂದ ದೂರವಾಗುತ್ತದೆ. ಎಳೆತ ಉದ್ದ ಅನ್ನಿಸುತ್ತದೆ, ಎಳೆದಷ್ಟೂ ಬರುತ್ತದೆ. ಅದೇ ಮರ ಒಣಗಿ ಕುಗ್ಗಿದರೆ, ಅಥವಾ ವರ್ಷಗಟ್ಟಲೆ ಎಣ್ಣೆ ಕುಡಿದು ಮೆತ್ತಗಾಗಿ ಸ್ಕ್ರೂ ಕೆಳಗೆ ಜಜ್ಜಿಹೋಗಿದ್ದರೆ, ಗಾರ್ಡ್ ಮೇಲೆ ಬರುತ್ತದೆ. ಟ್ರಿಗರ್ ಯಾವಾಗಲೂ ಸಿಯರನ್ನು ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಈ ಟ್ರಿಗರ್ ಎರಡು ಹಂತದಲ್ಲಿ ಬರುವಂಥದ್ದು, ಅದರ ಮೊದಲ ಹಂತದ ಸಡಿಲ ಎಳೆತ ಮಾಯ. ಇದು ಅಪಾಯದ ಸ್ಥಿತಿ. ಸಿಯರ್ ಹಿಡಿದಿರುವ ಅಂಚು ಕಡಿಮೆಯಾಗಿದೆ ಅಂತ ಅರ್ಥ. ಹೊಡೆಯುವವನಿಗೆ ಮಾತ್ರ "ಅರೆ, ಟ್ರಿಗರ್ ಹಗುರಾಯ್ತು" ಅಂತ ಖುಷಿಯಾಗುತ್ತದೆ! ಬ್ರಿಟಿಷ್ ಸೇನೆಗೂ ಇದೇ ತಲೆನೋವಿತ್ತು. 1949ರಲ್ಲಿ ಬಂದ ನಂಬರ್ 4 ಮಾರ್ಕ್ 2 ರೈಫಲಿನಲ್ಲಿ ಟ್ರಿಗರನ್ನು ಗಾರ್ಡಿನಿಂದ ಬಿಡಿಸಿ, ಉಕ್ಕಿನ ದೇಹಕ್ಕೇ ಜೋತುಹಾಕಿದರು. ನಿಮ್ಮ .315ರ ಕಟ್ಟಡ ಅದಕ್ಕಿಂತ ಹಳೆಯದು. ಮೂಡಿಗೆರೆ ಮಳೆಯಲ್ಲಿ ಅದು ಹೀಗೆ ಆಡದಿದ್ದರೇ ಆಶ್ಚರ್ಯ.

ಆದ್ದರಿಂದ ಮೊದಲು ಮಾಡಿಸಬೇಕಾದ್ದು ಮರದ ಕೆಲಸ. ಗಾರ್ಡಿನ ಮುಂದಿನ ಸ್ಕ್ರೂ ಸುತ್ತ ಒಂದು ಕಬ್ಬಿಣದ ಬುಶ್ (ಸಣ್ಣ ಕೊಳವೆ) ಇರಬೇಕು. ಗಾರ್ಡ್ ಮತ್ತು ದೇಹದ ನಡುವಿನ ಅಂತರ ಕಾಯುವುದೇ ಅದು. ಹಳೆ ಕೋವಿ ಬಿಚ್ಚಿ ಕಟ್ಟುವಾಗ ಆ ಬುಶ್ ಎಲ್ಲೋ ಉರುಳಿಹೋಗಿರುವುದನ್ನು ಬಹಳ ಕಡೆ ನೋಡಿದ್ದೇನೆ. ಇದೆಯಾ, ಸರಿಯಾದ ಉದ್ದಕ್ಕಿದೆಯಾ ಅಂತ ಕೇಳಿ. ಆಮೇಲೆ ಗಾರ್ಡ್ ಕೂರುವ ಜಾಗದ ಮರ ಜಜ್ಜಿಹೋಗಿದ್ದರೆ ಸರಿಪಡಿಸಿ, ಒಳಮೈಗೆಲ್ಲ ಅಗಸೆ ಎಣ್ಣೆ ಕುಡಿಸಿ ನೀರು ಹೋಗದಂತೆ ಮಾಡಿಸಿ.

ಇನ್ನೊಂದು. ಆಯುಧ ಪೂಜೆಗೆ ಕೋವಿಗೆ ಎಣ್ಣೆ ಹಚ್ಚುತ್ತೀರಲ್ಲ, ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಆಗಿದ್ದರೆ ಅದೂ ಒಂದು ಕಾರಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಸ್ನಾನದ ಮನೆಯ ಬಾಟಲಿಯಲ್ಲಿ ಗಟ್ಟಿಯಾಗಿರುತ್ತದಲ್ಲ, ಸಿಯರ್ ಸಂದಿಯಲ್ಲೂ ಹಾಗೇ ಗಟ್ಟಿಯಾಗುತ್ತದೆ. ವರ್ಷ ಕಳೆದಂತೆ ಕುಂಕುಮ, ವಿಭೂತಿ, ಧೂಳು ಎಲ್ಲ ಅದಕ್ಕೇ ಅಂಟಿ ಕಂದು ಬಣ್ಣದ ಅಂಟಾಗುತ್ತದೆ. ಪೂಜೆ ಮಾಡಿ, ಖಂಡಿತ ಮಾಡಿ. ಕುಂಕುಮ ಮರಕ್ಕೆ ಇಡಿ. ಟ್ರಿಗರ್ ಸಂದಿಗೆ ಬೇಡ. ಒಳಗೆ ಕೋವಿಯ ತೆಳು ಎಣ್ಣೆ ಒಂದೇ ಒಂದು ತೊಟ್ಟು ಸಾಕು.

ಇಷ್ಟೆಲ್ಲ ಆದ ಮೇಲೂ ಬಿಗಿ ಅನ್ನಿಸಿದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ. ಕಾಯ್ದೆ ಪ್ರಕಾರ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಊರಿನ ಲೇತ್ ಅಂಗಡಿಗೆ ದಯವಿಟ್ಟು ಕೊಡಬೇಡಿ. ಸಿಯರ್ ಅಂಚನ್ನು ನಯ ಮಾಡಬಹುದು, ಆದರೆ ಅದರ ಕೋನ ಒಂದು ಕೂದಲು ತಪ್ಪಿದರೂ ಬೋಲ್ಟ್ ಮುಚ್ಚುವಾಗಲೇ ಈಡು ಹಾರೀತು. ಸ್ಪ್ರಿಂಗ್ ಸವೆಸಿ ಹಗುರ ಮಾಡುತ್ತೇನೆ ಅಂದವರಿಗೂ ಬೇಡ ಅನ್ನಿ. ಈ ಕೋವಿಯಲ್ಲಿ ಸಿಯರ್ ತಳ್ಳುವ ಸ್ಪ್ರಿಂಗೇ ಮ್ಯಾಗಜಿನ್ ಕೊಕ್ಕೆಯನ್ನೂ ಹಿಡಿದಿರುತ್ತದೆ. ಸವೆಸಿದರೆ ಎರಡೂ ಕೆಟ್ಟವು.

ಸೇನೆಯ ಲೀ-ಎನ್‌ಫೀಲ್ಡ್‌ನಲ್ಲಿ ಎರಡನೇ ಹಂತದ ಎಳೆತ 5-6 ಪೌಂಡ್ ಇರುತ್ತಿತ್ತು. ತೋಟದಲ್ಲಿ, ಒದ್ದೆ ಕೈಯಲ್ಲಿ, ಜರ್ಕಿನ್ ತೋಳು ಸಿಕ್ಕಿಕೊಳ್ಳುವ ಜಾಗದಲ್ಲಿ ಹಿಡಿಯುವ ಕೋವಿಗೆ ಅದು ಜಾಸ್ತಿ ಅಲ್ಲ. ನುಣ್ಣಗೆ ಬಂದು ಒಂದೇ ಕಡೆ ಬಿಟ್ಟರೆ 5 ಪೌಂಡೂ ಹಗುರವೇ ಅನ್ನಿಸುತ್ತದೆ. ನಾಲ್ಕಕ್ಕಿಂತ ಕೆಳಗೆ ಇಳಿಸಲು ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ಸರ್, ನಾನು ಹಾಸನದವಳು. ಮಗಳು ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆಯಲು ಕಲಿತಳು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಪದಕ ಗೆದ್ದಿದ್ದು ನೋಡಿದ ಮೇಲೆ 50 ಮೀಟರ್ ಬಿಟ್ಟು ಬೇರೆ ಮಾತೇ ಇಲ್ಲ. ಕ್ಲಬ್ಬಿನ ಆನ್‌ಶುಟ್ಸ್ ರೈಫಲ್ ಸಿಕ್ಕಿದೆ. ಟ್ರಿಗರ್ ಎಷ್ಟು ಹಗುರವೋ ಅಷ್ಟು ಒಳ್ಳೆಯದು, 50 ಗ್ರಾಂಗೆ ಇಳಿಸು ಅಂತ ಜೊತೆಯ ಹುಡುಗರು ಹೇಳುತ್ತಾರಂತೆ. ಸರಿಯಾ? ಬೇರೆ ಟ್ರಿಗರ್ ಕೊಳ್ಳಬೇಕಾ?

ಉತ್ತರ: ಏನೂ ಕೊಳ್ಳಬೇಡಿ ತಾಯಿ. ಆನ್‌ಶುಟ್ಸ್ ಮ್ಯಾಚ್ ರೈಫಲಿನ ಟ್ರಿಗರ್‌ಗಿಂತ ಒಳ್ಳೆಯದನ್ನು ಹುಡುಕಿಕೊಂಡು ಹೋಗುವ ಅಗತ್ಯ ನಿಮ್ಮ ಮಗಳಿಗೆ ಬಹಳ ವರ್ಷ ಬರುವುದಿಲ್ಲ. ಆ ದುಡ್ಡಲ್ಲಿ ಒಳ್ಳೆ ಜಾಕೆಟ್ ಮತ್ತು ತೋಟಾ ತೆಗೆದುಕೊಡಿ.

50 ಮೀಟರ್ ರೈಫಲಿನ ಟ್ರಿಗರ್ ಎಳೆತಕ್ಕೆ ಇಷ್ಟು ತೂಕ ಇರಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ ಮಿತಿ ಇಲ್ಲ. ಏರ್ ಪಿಸ್ತೂಲಿಗೆ 500 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲಿಗೆ 1500 ಗ್ರಾಂ ಅಂತ ಇದೆ. ಮಿತಿ ಇಲ್ಲ ಅಂದ ಮಾತ್ರಕ್ಕೆ ತಳಕ್ಕೆ ಇಳಿಸಬೇಕು ಅಂತೇನಿಲ್ಲ ಅಲ್ವಾ? ಹೊಸ ಮಕ್ಕಳಿಗೆ 50 ಗ್ರಾಂ ಕೊಟ್ಟರೆ ಏನಾಗುತ್ತದೆ ಅಂತ ರೇಂಜಿನಲ್ಲಿ ದಿನಾ ನೋಡುತ್ತೇನೆ. ಬೆರಳು ಇಡಲು ಹೆದರುತ್ತಾರೆ. ಬೆರಳನ್ನು ಗಾಳಿಯಲ್ಲಿ ಹಿಡಿದು, ಗುರಿ ಬಂದಾಗ ಪಟ್ಟನೆ ತಾಗಿಸುತ್ತಾರೆ. ಆ ಚಟ ಬಿಡಿಸುವುದು ಬಹಳ ಕಷ್ಟ.

ಎರಡು ಹಂತದ ಟ್ರಿಗರ್ ಇರಲಿ. ಮೊದಲ ಹಂತದಲ್ಲಿ ಬೆರಳು ಹಗುರವಾಗಿ ಹಿಂದೆ ಬಂದು ಒಂದು ಗೋಡೆಗೆ ತಾಗಿ ನಿಲ್ಲುತ್ತದೆ. ಅಲ್ಲಿ ಉಸಿರು ನಿಲ್ಲಿಸಿ, ಗುರಿ ನೋಡಿ, ಒಂಚೂರು ಒತ್ತಿದರೆ ಬಿಡುತ್ತದೆ. ಗೋಡೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬೇಕು. ಈಗ 150-200 ಗ್ರಾಂ ಒಳ್ಳೆಯದು. ವರ್ಷ ಕಳೆಯಲಿ, ಗುರಿ ಹಾಳೆಯ ಮೇಲೆ ಗುಂಡು ಬಿದ್ದ ತೂತುಗಳ ಗುಂಪು ಚಿಕ್ಕದಾಗಲಿ, ಆಮೇಲೆ ನೂರರ ಕಡೆ ಹೋಗಬಹುದು.

ತೂಕ ನೋಡಲು ಯಂತ್ರ ಬೇಕಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ, ಒಂದು ತಂತಿ ಕೊಕ್ಕೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತೋಟಾ ಇಲ್ಲ ಅಂತ ಎರಡು ಸಲ ನೋಡಿ, ಬೋಲ್ಟ್ ಹಾಕಿ ಸಜ್ಜು ಮಾಡಿ. ನಳಿಗೆ ನೆಟ್ಟಗೆ ಮೇಲಕ್ಕೆ ಇರಬೇಕು. ಮೇಜಿನ ಮೇಲಿರುವ ಬಾಟಲಿಯ ಕೊಕ್ಕೆಯನ್ನು ಟ್ರಿಗರಿನ ಬಾಗಿದ ನಡುಭಾಗಕ್ಕೆ ಹಾಕಿ, ರೈಫಲನ್ನು ನಿಧಾನ ಎತ್ತಬೇಕು. ತಂತಿ ಬೇರೆಲ್ಲೂ ತಾಗಬಾರದು. ಬಾಟಲಿ ಮೇಲೆದ್ದರೂ ಟ್ರಿಗರ್ ಬಿಡಲಿಲ್ಲ ಅಂದರೆ ಎಳೆತ ಅದಕ್ಕಿಂತ ಜಾಸ್ತಿ. ಸ್ವಲ್ಪ ನೀರು ಹಾಕಿ ಮತ್ತೆ ಎತ್ತಿ. ಬಿಟ್ಟ ಕೂಡಲೇ ಬಾಟಲಿ, ನೀರು, ಕೊಕ್ಕೆ ಎಲ್ಲ ಒಟ್ಟಿಗೆ ತೂಗಿ. ಮಗಳ ಕೈಯಲ್ಲೇ ಮಾಡಿಸಿ, ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಸಿ. ಖಾಲಿ ಹೊಡೆತದ ಅಭ್ಯಾಸಕ್ಕೆ ಹೊಡೆದು ಮುಗಿದ ತೋಟಾದ ಚಿಪ್ಪನ್ನು ಒಳಗಿಟ್ಟುಕೊಳ್ಳಲಿ. .22ರಲ್ಲಿ ಪಿನ್ ಹೊಡೆಯುವುದು ತೋಟಾದ ಅಂಚಿಗೆ. ಏನೂ ಇಲ್ಲದೆ ಹೊಡೆದರೆ ಚೇಂಬರಿನ (ತೋಟಾ ಕೂರುವ ಜಾಗದ) ಅಂಚು ಪೆಟ್ಟು ತಿನ್ನುತ್ತದೆ.

ಪ್ರಶ್ನೆ: ಮೇಷ್ಟ್ರೇ, ಚಿಕ್ಕಮಗಳೂರಿನಿಂದ. ನನ್ನದು .30-06 ರೆಮಿಂಗ್ಟನ್ 700, ಕಾಗದ ಪತ್ರ ಎಲ್ಲ ಸರಿಯಿದೆ. ಹೊಡೆಯುವುದು ರೇಂಜಿನಲ್ಲಿ ಮಾತ್ರ. 300 ಮೀಟರ್ ಸ್ಟ್ಯಾಂಡರ್ಡ್ ರೈಫಲಿನಲ್ಲಿ ಸ್ಪರ್ಧಿಸುವ ಆಸೆ. ಸರಿಯಾದ ದಾರಿಯಲ್ಲೇ ಬದಲಿ ಟ್ರಿಗರ್ ತರಿಸಲು ಹೊರಟಿದ್ದೇನೆ. ಟಿಮ್ನಿಯಾ, ಟ್ರಿಗರ್‌ಟೆಕ್ಕಾ?

ಉತ್ತರ: ಬ್ರ್ಯಾಂಡಿಗಿಂತ ಮೊದಲು ಗ್ರಾಂ ನೋಡಪ್ಪ. ಆ ಸ್ಪರ್ಧೆಗೆ 1500 ಗ್ರಾಂ ಕನಿಷ್ಠ ಅಂದೆನಲ್ಲ, ಅದು ಸುಮಾರು 3.3 ಪೌಂಡ್. ಅಮೆರಿಕದವರು ಹೊಗಳುವ 3 ಪೌಂಡ್ ಟ್ರಿಗರ್ ಅಂದರೆ 1360 ಗ್ರಾಂ. ತಪಾಸಣೆಯಲ್ಲಿ ಫೇಲ್. ಸೆಟ್ ಟ್ರಿಗರೂ (ಮೊದಲೇ ಸಜ್ಜು ಮಾಡಿಟ್ಟು ಎಳೆತವನ್ನು ತೀರಾ ಹಗುರ ಮಾಡುವಂಥದ್ದು) ಅಲ್ಲಿ ನಡೆಯುವುದಿಲ್ಲ. ಹಾಗಾಗಿ ನಾಲ್ಕು ಪೌಂಡ್‌ವರೆಗೆ ಏರಿಸಬಹುದಾದ ಮಾದರಿ ಬೇಕು. 1600ಕ್ಕೆ ಇಟ್ಟುಕೋ. ಚಳಿ, ಧೂಳಿಗೆ ಸ್ವಲ್ಪ ಆಚೀಚೆ ಆದರೂ ಭಯವಿಲ್ಲ.

ಎರಡೂ ಒಳ್ಳೆಯವೇ. ಟಿಮ್ನಿ 1946ರಿಂದ ಇರುವ ಕಂಪನಿ. ಅದರದ್ದು ಸರಳ ಕಟ್ಟಡ, ಉಕ್ಕಿನ ಮೇಲೆ ಉಕ್ಕು ಜಾರಿ ಬಿಡುತ್ತದೆ. ಕೆನಡಾದ ಟ್ರಿಗರ್‌ಟೆಕ್‌ನಲ್ಲಿ ಆ ಎರಡು ಅಂಚುಗಳ ನಡುವೆ ಒಂದು ಪುಟ್ಟ ರೋಲರ್ ಇರುತ್ತದೆ. ಜಾರುವ ಬದಲು ಉರುಳುತ್ತದೆ. ಅದಕ್ಕೇ ಜಾಸ್ತಿ ತೂಕದಲ್ಲೂ ಗರಗರ ಇಲ್ಲದೆ ಬಿಡುತ್ತದೆ. ನಿನಗೆ ಬೇಕಿರುವುದು ಭಾರದ ಎಳೆತವೇ ಆದ್ದರಿಂದ ನನ್ನ ಓಟು ರೋಲರಿಗೆ. ಮೇಜಿನ ಮೇಲೆ ರೈಫಲ್ ಊರಿ ಹೊಡೆಯುವವರ ತೀರಾ ಹಗುರದ ಬೆಂಚ್‌ರೆಸ್ಟ್ ಟ್ರಿಗರ್‌ಗಳ ಕಡೆ ನೋಡಲೇ ಬೇಡ, ಅವು ಧೂಳು ತಡೆಯುವುದಿಲ್ಲ.

ನಿನ್ನ ರೈಫಲ್ ಯಾವ ವರ್ಷದ್ದು ಅಂತ ಬರೆದಿಲ್ಲ. 2006ರ ಮೇ ತಿಂಗಳಿಂದ 2014ರ ಏಪ್ರಿಲ್‌ವರೆಗೆ ಎಕ್ಸ್-ಮಾರ್ಕ್ ಪ್ರೋ ಟ್ರಿಗರ್ ಹಾಕಿ ಬಂದ 700ಗಳನ್ನು ಕಂಪನಿಯೇ 2014ರಲ್ಲಿ ವಾಪಸ್ ಕರೆಸಿತು. ಜೋಡಿಸುವಾಗ ಅಂಟು ಜಾಸ್ತಿ ಬಿದ್ದು, ಬೆರಳಿಲ್ಲದೆಯೇ ಈಡು ಹಾರುವ ಸಾಧ್ಯತೆ ಇತ್ತು. ಆ ಕಾಲದ್ದಾದರೆ ಸ್ಪರ್ಧೆ ಇರಲಿ ಬಿಡಲಿ, ಟ್ರಿಗರ್ ತಪಾಸಣೆ ಆಗುವವರೆಗೆ ತೋಟಾ ತುಂಬಬೇಡ.

ಹೊಸದನ್ನು ಕೂರಿಸಿದ ದಿನ ಖಾಲಿ ರೈಫಲಿನಲ್ಲಿ ಇಷ್ಟು ಮಾಡು. ಬೋಲ್ಟನ್ನು ಜೋರಾಗಿ ತಳ್ಳಿ ಮುಚ್ಚು, ಹತ್ತಾರು ಸಲ. ಸೇಫ್ಟಿ ಹಾಕಿ ಟ್ರಿಗರ್ ಎಳೆ, ಬಿಡು, ಆಮೇಲೆ ಬೆರಳು ದೂರ ಇಟ್ಟು ಸೇಫ್ಟಿ ತೆಗೆ. ನಳಿಗೆ ಮೇಲಕ್ಕೆ ಹಿಡಿದು, ದಪ್ಪ ರಬ್ಬರ್ ಮ್ಯಾಟಿನ ಮೇಲೆ ಒಂದಡಿ ಎತ್ತರದಿಂದ ಬಟ್ (ಹೆಗಲಿಗೆ ಊರುವ ಹಿಂಭಾಗ) ಕುಟ್ಟು. ಯಾವುದರಲ್ಲಾದರೂ ಒಂದೇ ಒಂದು ಸಲ ಟಕ್ ಅಂದು ಪಿನ್ ಬಿದ್ದರೂ ಸ್ಕ್ರೂ ತಿರುಗಿಸಿ ಸರಿಮಾಡುತ್ತೇನೆ ಅಂತ ಕೂರಬೇಡ. ಬಿಚ್ಚಿಸಿ, ಕೂರಿಸಿದವರ ಕೈಗೇ ವಾಪಸ್ ಕೊಡು.