ಕುಂಟು ನಿಂತ ಕುದುರೆ: ಆಸ್ಟಿಯೋಪಥಿ ಮಾಡಿಸಿದರೆ ಬೇಗ ಸವಾರಿಗೆ ಸಿಗುತ್ತದೆಯೇ?

ಪ್ರಶ್ನೆ: ರೇಸ್‌ನಿಂದ ನಿವೃತ್ತಿಯಾದ ನಮ್ಮ ಥರೋಬ್ರೆಡ್ ಏಪ್ರಿಲ್ ಕೊನೆಯಲ್ಲಿ ತೋಟದ ಇಳಿಜಾರಿನಲ್ಲಿ ಜಾರಿತು. ಬಲ ಮುಂಗಾಲಿನ ಹಿಂಬದಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಒಳಗೆ ಹರಿದಿದೆ ಎಂದು ಸ್ಕ್ಯಾನ್‌ನಲ್ಲಿ ಬಂತು. ಹನ್ನೊಂದು ವಾರ ಲಾಯದಲ್ಲೇ ಇದೆ. ಈಗ ಕುಂಟುತ್ತಿಲ್ಲ. ಆದರೆ ಬೆನ್ನು ಮುಟ್ಟಿದರೆ ಬಿಗಿ ಹಿಡಿಯುತ್ತದೆ, ಕತ್ತು ಎಡಕ್ಕೆ ಬಾಗುವುದಿಲ್ಲ. ಆಸ್ಟಿಯೋಪಥಿಯಿಂದ (ಕೈಯಿಂದ ಒತ್ತಿ, ನೀವಿ ಸ್ನಾಯು, ಕೀಲು ಸಡಿಲಿಸುವ ಚಿಕಿತ್ಸೆ) ಬೇಗ ಗುಣವಾಗುತ್ತದೆಯೇ? ಈ ಮಳೆಯಲ್ಲಿ ನಡೆಸುವುದೆಲ್ಲಿ? ಶಕ್ತಿ ಬರಲೆಂದು ಭತ್ತದ ತೌಡು ಜಾಸ್ತಿ ಕೊಡುತ್ತಿದ್ದೇವೆ.
— ಓದುಗರು, ಸುಂಟಿಕೊಪ್ಪ

ಉತ್ತರ: ದಯವಿಟ್ಟು ಈಗಲೇ ಜೀನು ಹಾಕಬೇಡಿ. ಕುಂಟು ನಿಂತಿದೆ ಎಂದರೆ ಊತ, ನೋವು ಇಳಿದಿದೆ ಎಂದಷ್ಟೇ ಅರ್ಥ. ಹರಿದ ಜಾಗದಲ್ಲಿ ಮೊದಲು ತುಂಬಿಕೊಳ್ಳುವ ನಾರು ದುರ್ಬಲ, ಅಡ್ಡಾದಿಡ್ಡಿ. ಅದು ಗಟ್ಟಿ ನಾರಾಗಿ ಕಾಲಿನ ಉದ್ದಕ್ಕೆ ಸಾಲುಗೂಡಲು 9ರಿಂದ 12 ತಿಂಗಳು ಬೇಕು. ಅಳತೆಯ ಭಾರ ಬಿದ್ದರೆ ಮಾತ್ರ ಸಾಲುಗೂಡುತ್ತದೆ. ಭಾರವೇ ಬೀಳದಿದ್ದರೆ ಗಾಯ ಸುತ್ತಲಿನ ಪದರಕ್ಕೆ ಅಂಟುತ್ತದೆ, ಅತಿಯಾದರೆ ಮತ್ತೆ ಹರಿಯುತ್ತದೆ.

ಆಸ್ಟಿಯೋಪಥಿ ಟೆಂಡನ್ ಕೂಡಿಸುವುದಿಲ್ಲ. ಅದರ ಕೆಲಸ ಬೇರೆ ಕಡೆ ಇದೆ. ಬಲಗಾಲು ಉಳಿಸಿಕೊಳ್ಳಲು ಕುದುರೆ ಇಷ್ಟು ದಿನ ಭಾರವನ್ನು ಎಡ ಮುಂಗಾಲು, ಹಿಂಗಾಲುಗಳ ಮೇಲೆ ಹಾಕಿದೆ. ಅದರಿಂದ ಕತ್ತಿನ ಬುಡ, ಬೆನ್ನಿನ ಉದ್ದ ಸ್ನಾಯು, ಸೊಂಟದ ಕೀಲು ಬಿಗಿದಿರಬಹುದು. ನೀವು ಹೇಳಿದ ಲಕ್ಷಣಗಳು ಇದಕ್ಕೆ ಹೊಂದುತ್ತವೆ. ಅನುಭವಿ ಕೈ ಇದನ್ನು ಸಡಿಲಿಸಬಹುದು. ಕುದುರೆಗಳಲ್ಲಿ ಇದರ ಬಗ್ಗೆ ಪುರಾವೆ ಇನ್ನೂ ಕಡಿಮೆ, ಹಾಗಾಗಿ ಇದನ್ನು ಪೂರಕ ಚಿಕಿತ್ಸೆಯೆಂದೇ ಎಣಿಸಿ. ಮೊದಲು ನಿಮ್ಮ ಪಶುವೈದ್ಯರ ಒಪ್ಪಿಗೆ ಪಡೆಯಿರಿ, ಚಿಕಿತ್ಸಕರಿಗೆ ಸ್ಕ್ಯಾನ್ ವರದಿ ತೋರಿಸಿ, ಗಾಯದ ಟೆಂಡನ್ ಮೇಲೆ ಒತ್ತಡ ಹಾಕಿಸಬೇಡಿ. ಜ್ವರವಿದ್ದರೆ, ಮೂಳೆ ಬಿರುಕಿನ ಅನುಮಾನವಿದ್ದರೆ ಬೇಡವೇ ಬೇಡ. "ಬೆನ್ನುಮೂಳೆ ಜರುಗಿದೆ, ಕೂರಿಸಿ ಕೊಡ್ತೀನಿ" ಎನ್ನುವವರನ್ನು ಲಾಯದೊಳಗೆ ಬಿಡಬೇಡಿ. 450 ಕೆ.ಜಿ. ಪ್ರಾಣಿಯ ಬೆನ್ನುಮೂಳೆ ಹಾಗೆ ಜರುಗುವುದೂ ಇಲ್ಲ, ಕೈಯಿಂದ ತಳ್ಳಿದರೆ ಕೂರುವುದೂ ಇಲ್ಲ.

ಈಗ ಇನ್ನೊಂದು ಸ್ಕ್ಯಾನ್ ಮಾಡಿಸಿ. ವೈದ್ಯರು ಒಪ್ಪಿದರೆ ಕೈಹಿಡಿದು ನಡಿಗೆ ಶುರು ಮಾಡಿ: ದಿನಕ್ಕೆ ಎರಡು ಬಾರಿ, ತಲಾ 10 ನಿಮಿಷ. ವಾರಕ್ಕೊಮ್ಮೆ ದಿನದ ಒಟ್ಟು ಸಮಯಕ್ಕೆ 5 ನಿಮಿಷ ಸೇರಿಸುತ್ತ 45 ನಿಮಿಷಕ್ಕೆ ತನ್ನಿ. ಇಷ್ಟು ದಿನ ಕಟ್ಟಿಹಾಕಿದ ಕುದುರೆ ಹೊರಬಂದೊಡನೆ ಕುಣಿಯುತ್ತದೆ. ಬರೀ ಹಗ್ಗ ಸಾಲದು, ಬಾಯಿಗೆ ಕಡಿವಾಣ ಇರಲಿ. ಬೇಕಾದರೆ ಶಾಮಕ ಔಷಧಿಯನ್ನು ವೈದ್ಯರೇ ಕೊಡಲಿ. ಬಯಲಿಗೆ ಬಿಡುವುದು, ಹಗ್ಗದಲ್ಲಿ ಸುತ್ತು ಓಡಿಸುವುದು ಸದ್ಯಕ್ಕೆ ನಿಷಿದ್ಧ. ಒಂದೇ ಒಂದು ನೆಗೆತ ಮೂರು ತಿಂಗಳ ಆರೈಕೆಯನ್ನು ಹಾಳು ಮಾಡಬಲ್ಲದು.

ದಿನಾ ಬೆಳಿಗ್ಗೆ ನಡಿಗೆಗೆ ಮೊದಲು ಕಾಲು ಎತ್ತಿ, ಮಂಡಿ ಮಡಚಿ, ಮಂಡಿಯ ಕೆಳಗಿನಿಂದ ಗೊರಸಿನ ಮೇಲಿನ ಗಿಣ್ಣಿನವರೆಗೆ ಟೆಂಡನ್ನನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಅದುಮಿ ನೋಡಿ. ಎಡಗಾಲನ್ನೂ ಹಾಗೇ ನೋಡಿ ಹೋಲಿಸಿ. ನಿನ್ನೆಗಿಂತ ಬಿಸಿ, ದಪ್ಪ ಅಥವಾ ಕಾಲು ಎಳೆದುಕೊಂಡರೆ ನಡಿಗೆ ನಿಲ್ಲಿಸಿ, 20 ನಿಮಿಷ ತಣ್ಣೀರು ಬಿಟ್ಟು ವೈದ್ಯರಿಗೆ ತಿಳಿಸಿ.

ಕತ್ತು, ಬೆನ್ನಿಗೆ ಕ್ಯಾರೆಟ್ ವ್ಯಾಯಾಮ ಒಳ್ಳೆಯದು. ನಡಿಗೆ ಮುಗಿದು ಮೈ ಬೆಚ್ಚಗಿರುವಾಗ ಗೋಡೆ ಪಕ್ಕ ನಾಲ್ಕೂ ಕಾಲು ಸಮವಾಗಿ ನಿಲ್ಲಿಸಿ. ಕ್ಯಾರೆಟ್ ತೋರಿಸಿ ಗದ್ದವನ್ನು ಎದೆಗೆ, ಆಮೇಲೆ ಎಡ–ಬಲ ಪಕ್ಕೆಗೆ ತರಿಸಿ. ಪ್ರತಿಸಲ 5 ಸೆಕೆಂಡ್, ಐದು ಬಾರಿ, ವಾರಕ್ಕೆ ಐದು ದಿನ. ಎಡಕ್ಕೆ ಎಷ್ಟು ಬಾಗುತ್ತದೋ ಅಷ್ಟೇ ಸಾಕು. ಕ್ಯಾರೆಟ್ ಕಸಿದುಕೊಳ್ಳಲು ಬಿಟ್ಟರೆ ಸ್ನಾಯುವಿಗೆ ಕೆಲಸವಾಗುವುದಿಲ್ಲ.

ತೌಡಿನ ವಿಷಯ ನೀವು ಬರೆದಿದ್ದು ಒಳ್ಳೆಯದಾಯಿತು. ಅದರಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ತೀರಾ ಕಡಿಮೆ. ತಿಂಗಳುಗಟ್ಟಲೆ ಕೊಟ್ಟರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ, ಮುಖದ ಮೂಳೆ ಉಬ್ಬುತ್ತದೆ, ಹೊಸ ಕುಂಟು ಬರುತ್ತದೆ. ಮಳೆಗಾಲದಲ್ಲಿ ಅದರ ಎಣ್ಣೆಯಂಶವೂ ಬೇಗ ಕಮಟಾಗುತ್ತದೆ. ಒಂದು ವಾರದಲ್ಲಿ ಹಂತಹಂತವಾಗಿ ತಗ್ಗಿಸಿ ನಿಲ್ಲಿಸಿ. ಕೆಲಸವಿಲ್ಲದ ಕುದುರೆಗೆ ಹುರುಳಿ, ಓಟ್ಸ್ ಕೂಡ ಕಡಿಮೆ ಸಾಕು. ಬೂಸ್ಟು ಹಿಡಿಯದ ಒಳ್ಳೆಯ ಒಣಹುಲ್ಲು ದಿನಕ್ಕೆ 7ರಿಂದ 9 ಕೆ.ಜಿ., ಜೊತೆಗೆ ಖನಿಜ ಮಿಶ್ರಣ ಕೊಡಿ.

ಇನ್ನು ಜಾಗ. ನಡಿಗೆಗೆ ಗಟ್ಟಿಯಾದ ಸಮತಟ್ಟು ನೆಲ ಬೇಕು. ಕೆಸರು ಗೊರಸನ್ನು ಹಿಡಿದೆಳೆಯುತ್ತದೆ, ಇಳಿಜಾರಿನಲ್ಲಿ ಜಾರಿದರೆ ಮುಗಿಯಿತು. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಇರುತ್ತದಲ್ಲ, ಅದನ್ನೇ ಬಳಸಿ. ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಚೆನ್ನಾಗಿ ತೊಳೆದ ಮೇಲಷ್ಟೇ ಕುದುರೆ ತನ್ನಿ, ತಿರುವು ಅಗಲವಾಗಿರಲಿ. ಸೆಪ್ಟೆಂಬರ್ ಕೊನೆಯ ಸ್ಕ್ಯಾನ್ ಚೆನ್ನಾಗಿದ್ದರೆ ಅಕ್ಟೋಬರ್‌ನಲ್ಲಿ 5 ನಿಮಿಷ ಟ್ರಾಟ್ (ನಿಧಾನದ ಓಟ), ಎರಡು ವಾರಕ್ಕೊಮ್ಮೆ ಇನ್ನೈದು ನಿಮಿಷ. ಆದರೆ ಟ್ರಾಟ್ ಸಿಮೆಂಟಿನ ಮೇಲೆ ಬೇಡ, ತೋಟದ ಮಣ್ಣುರಸ್ತೆಯಲ್ಲಿ ಸಮತಟ್ಟಾದ ನೇರ ಭಾಗ ಹುಡುಕಿ. ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ಓಟ) ಜನವರಿಗೆ ಮೊದಲಿಲ್ಲ, ಅದಕ್ಕೂ ಮುನ್ನ ಇನ್ನೊಂದು ಸ್ಕ್ಯಾನ್ ಆಗಬೇಕು. ಅಷ್ಟರಲ್ಲಿ ಕೊಯ್ಲಾದ ಗದ್ದೆ ಒಣಗಿರುತ್ತದೆ. ಏಡಿ ಬಿಲ, ಬಿರುಕು ಇದೆಯೇ ಎಂದು ಮೊದಲು ನೀವೇ ಪೂರ್ತಿ ನಡೆದು ನೋಡಿ.